ಕೈಗೆಟುಕುವ ಅಸ್ಥಿಮಜ್ಜೆ ಕಸಿ: ಕೋಲಾರದ ಹಳ್ಳಿಯಿಂದ ಕಸಿ ಘಟಕದವರೆಗೆ

ಬಂಟ್ವಾಳದಲ್ಲಿ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು, ಕೋಲಾರ, ಮುಳಬಾಗಿಲು ದಾಟಿ ತಮಿಳುನಾಡಿನ ವೆಲ್ಲೂರಿನಲ್ಲಿ ಮುಗಿಯುತ್ತದೆ. ನಮ್ಮ ಕರಾವಳಿಯ ಎಷ್ಟೋ ಯುವಕ ಯುವತಿಯರು ದಾದಿಯರ ತರಬೇತಿಗೆ, ಉದ್ಯೋಗಕ್ಕೆ ಈ ಹಾದಿಯಲ್ಲೇ ಹೋದವರು. ಇದೇ ಹಾದಿಯಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳಿಂದ ಹೆತ್ತವರು ರಕ್ತರೋಗವಿರುವ ಮಕ್ಕಳನ್ನು ಎತ್ತಿಕೊಂಡು ಪಶ್ಚಿಮಕ್ಕೆ ಬೆಂಗಳೂರಿಗೋ ಪೂರ್ವಕ್ಕೆ ವೆಲ್ಲೂರಿಗೋ ಹೋಗುತ್ತಾರೆ.

ಬಡ ರೋಗಿಗೂ ಎಟುಕುವಂತೆ ಅಸ್ಥಿಮಜ್ಜೆ ಕಸಿ ಮಾಡಲು ಸಾಧ್ಯವೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ನಡೆದ ಎರಡು ಮುಖ್ಯ ಪ್ರಯತ್ನಗಳು ಈ ಎರಡು ಊರುಗಳಲ್ಲೇ ಇವೆ. ನಡುವೆ ಇರುವುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳು. ಕಸಿ ಚಿಕಿತ್ಸೆ ಎಂದರೇನು, ಅದರ ವೆಚ್ಚವನ್ನು ಹೇಗೆ ಇಳಿಸಲಾಯಿತು, ಇಳಿದ ವೆಚ್ಚವೂ ಹಳ್ಳಿಯ ಮಗುವಿಗೆ ತಲುಪಬೇಕಾದರೆ ಏನಾಗಬೇಕು ಎಂಬುದನ್ನು ಈ ಲೇಖನದಲ್ಲಿ ಓದುಗರ ಮುಂದಿಡಲು ನಾವು ಯತ್ನಿಸಿದ್ದೇವೆ.

ಅಸ್ಥಿಮಜ್ಜೆ ಕಸಿ ಎಂದರೇನು?

ಮೂಳೆಗಳ ಒಳಗಿರುವ ಮೃದುವಾದ ಮಜ್ಜೆಯೇ ನಮ್ಮ ದೇಹದ ರಕ್ತದ ಕಾರ್ಖಾನೆ. ಆಮ್ಲಜನಕ ಒಯ್ಯುವ ಕೆಂಪು ಕಣಗಳು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಎಲ್ಲವೂ ಮಜ್ಜೆಯಲ್ಲಿರುವ ಆಕರ ಕೋಶಗಳಿಂದ ಹುಟ್ಟುತ್ತವೆ. ಈ ಕಾರ್ಖಾನೆಯೇ ಕೆಟ್ಟಾಗ ಅಥವಾ ಹುಟ್ಟಿನಿಂದಲೇ ದೋಷವಿದ್ದಾಗ, ಅದನ್ನು ತೆರವುಗೊಳಿಸಿ ಆರೋಗ್ಯವಂತ ದಾನಿಯ ಮಜ್ಜೆಯನ್ನು ನೀಡುವುದೇ ಅಸ್ಥಿಮಜ್ಜೆ ಕಸಿ.

ಹೆಸರು ಕೇಳಿದರೆ ದೊಡ್ಡ ಶಸ್ತ್ರಚಿಕಿತ್ಸೆ ಎನಿಸಬಹುದು. ವಾಸ್ತವವಾಗಿ ರೋಗಿಗೆ ಶಸ್ತ್ರಚಿಕಿತ್ಸೆ ಇಲ್ಲ. ದಾನಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಮಜ್ಜೆಯನ್ನು ತೆಗೆಯಲಾಗುತ್ತದೆ. ರೋಗಿಗೆ ಅದನ್ನು ರಕ್ತ ಕೊಡುವಂತೆಯೇ ನಾಳದ ಮೂಲಕ ಕೊಡಲಾಗುತ್ತದೆ. ಆಕರ ಕೋಶಗಳು ತಾವಾಗಿಯೇ ಮೂಳೆಯೊಳಗಿನ ತಮ್ಮ ಸ್ಥಾನವನ್ನು ಹುಡುಕಿಕೊಳ್ಳುತ್ತವೆ. ದಾನಿಯ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಕಷ್ಟವಿರುವುದು ಅದರ ಹಿಂದು ಮುಂದಿನ ದಿನಗಳಲ್ಲಿ. ಕಸಿಗೆ ಮುಂಚಿನ ವಾರದಲ್ಲಿ ತೀವ್ರ ಔಷಧಗಳಿಂದ ರೋಗಿಯ ಹಳೆಯ ಮಜ್ಜೆಯನ್ನು ಅಳಿಸಲಾಗುತ್ತದೆ. ಹೊಸ ಮಜ್ಜೆ ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು. ಆ ದಿನಗಳಲ್ಲಿ ರೋಗಿಗೆ ಸ್ವಂತ ರಕ್ಷಣೆಯೇ ಇರುವುದಿಲ್ಲ. ಸಾಮಾನ್ಯ ಜ್ವರವೂ ಪ್ರಾಣಕ್ಕೆ ಕುತ್ತು. ನಂತರವೂ ದಾನಿಯ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ತಿಳಿದು ದಾಳಿ ಮಾಡುವ ಅಪಾಯವಿದೆ. ಅದನ್ನು ವೈದ್ಯರು ಜಿವಿಎಚ್‌ಡಿ ಎನ್ನುತ್ತಾರೆ. ಆದ್ದರಿಂದ ತಿಂಗಳುಗಟ್ಟಲೆ ಔಷಧ ಹಾಗೂ ನಿಗಾ ಅಗತ್ಯ.

ಯಾರಿಗೆ ಬೇಕು?

ಕೆಲವು ಬಗೆಯ ರಕ್ತದ ಕ್ಯಾನ್ಸರ್, ಮಜ್ಜೆ ಒಣಗಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ, ಹುಟ್ಟಿನಿಂದ ಬರುವ ರೋಗನಿರೋಧಕ ಶಕ್ತಿಯ ದೋಷಗಳು, ಸಿಕಲ್ ಸೆಲ್ ಮತ್ತು ಥಲಸ್ಸೇಮಿಯಾ ರೋಗಗಳಿಗೆ ಈ ಚಿಕಿತ್ಸೆ ನೀಡಲಾಗುತ್ತದೆ. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿಗೆ ರೋಗಿಯ ಸ್ವಂತ ಆಕರ ಕೋಶಗಳನ್ನೇ ತೆಗೆದಿಟ್ಟು ಮರಳಿ ಕೊಡುವ ಸ್ವಯಂ ಕಸಿ ಬಳಕೆಯಲ್ಲಿದೆ.

ಮಕ್ಕಳ ವಿಷಯದಲ್ಲಿ ನಮ್ಮ ದೇಶಕ್ಕೆ ಮುಖ್ಯವಾದದ್ದು ಥಲಸ್ಸೇಮಿಯಾ. ತಂದೆ ತಾಯಿ ಇಬ್ಬರೂ ರೋಗದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರು ನೋಡಲು ಆರೋಗ್ಯವಂತರು, ತಾವು ವಾಹಕರೆಂದು ಅವರಿಗೆ ಗೊತ್ತೇ ಇರುವುದಿಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 10,000ಕ್ಕೂ ಹೆಚ್ಚು ಮಕ್ಕಳು ತೀವ್ರ ಥಲಸ್ಸೇಮಿಯಾದೊಂದಿಗೆ ಹುಟ್ಟುತ್ತಾರೆಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು.

ಇಂಥ ಮಗುವಿಗೆ ಜೀವನಪೂರ್ತಿ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಪ್ರತಿ ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಯಕೃತ್ತು, ಹೃದಯ, ಗ್ರಂಥಿಗಳಲ್ಲಿ ಕಬ್ಬಿಣ ಸೇರುತ್ತಾ ಹೋಗುತ್ತದೆ. ಅದನ್ನು ತೆಗೆಯಲು ಪ್ರತಿದಿನ ಔಷಧ ಬೇಕು. ರಕ್ತ ಮತ್ತು ಔಷಧ ಎರಡೂ ತಪ್ಪದೆ ಸಿಕ್ಕಿದರೆ ಮಗು ದೊಡ್ಡದಾಗಿ ಉದ್ಯೋಗ, ಸಂಸಾರ ಕಾಣಬಹುದು. ರಕ್ತ ಮಾತ್ರ ಸಿಕ್ಕಿ ಔಷಧ ಸಿಗದಿದ್ದರೆ ಜೀವ ಉಳಿಸುವ ರಕ್ತವೇ ನಿಧಾನವಾಗಿ ಜೀವ ತೆಗೆಯುತ್ತದೆ. ರೋಗದಿಂದ ಪೂರ್ತಿ ಬಿಡುಗಡೆಗೆ ಬಹುಕಾಲದಿಂದ ಇರುವ ದಾರಿ ಕಸಿಯೊಂದೇ. ಜೀನ್ ಚಿಕಿತ್ಸೆ ಈಗ ಬಂದಿದೆಯಾದರೂ, 2024ರ ಜನವರಿಯಲ್ಲಿ ಅಮೆರಿಕದಲ್ಲಿ ಥಲಸ್ಸೇಮಿಯಾಕ್ಕೆ ಒಪ್ಪಿಗೆ ಪಡೆದ ಕ್ಯಾಸ್ಗೆವಿ ಎಂಬ ಚಿಕಿತ್ಸೆಯ ಘೋಷಿತ ಬೆಲೆ 22 ಲಕ್ಷ ಡಾಲರ್. ಶ್ರೀನಿವಾಸಪುರದ ಮಾವಿನ ತೋಪಿನ ಕೂಲಿಗೆ ಅದು ಇದ್ದೂ ಇಲ್ಲದಂತೆ.

ವೆಲ್ಲೂರಿನಲ್ಲಿ ಆದದ್ದು

ಅಮೆರಿಕದ ವೈದ್ಯ ಇ. ಡೊನಾಲ್ ಥಾಮಸ್ 1950ರ ದಶಕದಲ್ಲಿ ಈ ಚಿಕಿತ್ಸೆಯನ್ನು ಮನುಷ್ಯರಲ್ಲಿ ಆರಂಭಿಸಿದರು. ಹಲವು ವರ್ಷಗಳ ಸೋಲು, ಸಾವುಗಳ ನಂತರ ಅದು ನೆಲೆಗೊಂಡಿತು. 1990ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಥಲಸ್ಸೇಮಿಯಾಕ್ಕೆ ಕಸಿ 1980ರ ದಶಕದ ಆರಂಭದಲ್ಲಿ ಶುರುವಾಯಿತು. ಇಟಲಿಯ ಪೆಸಾರೋ ಎಂಬ ಊರಿನಲ್ಲಿ ಗ್ವಿದೋ ಲುಕರೆಲ್ಲಿಯವರು ನೂರಾರು ಮಕ್ಕಳಿಗೆ ಕಸಿ ಮಾಡಿ ಒಂದು ಮುಖ್ಯ ಪಾಠ ಕಲಿಸಿದರು. ಯಕೃತ್ತು ದೊಡ್ಡದಾಗಿದೆಯೇ, ಅದರಲ್ಲಿ ಗಾಯದ ಗಂಟು ಕಟ್ಟಿದೆಯೇ, ಕಬ್ಬಿಣ ತೆಗೆಯುವ ಔಷಧ ಕ್ರಮವಾಗಿ ಸಿಕ್ಕಿದೆಯೇ ಎಂಬ ಮೂರು ಪ್ರಶ್ನೆಗಳಿಂದ ಮಗುವಿನ ಅಪಾಯದ ಮಟ್ಟವನ್ನು ಅಳೆಯಬಹುದು ಎಂಬುದೇ ಆ ಪಾಠ. ಮೂರೂ ಒಳ್ಳೆಯದಿದ್ದ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಗುಣ ಹೊಂದಿದರು. ಮೂರೂ ಕೆಟ್ಟಿದ್ದವರಲ್ಲಿ ಫಲಿತಾಂಶ ಬಹಳ ಕೆಳಗಿತ್ತು.

ಭಾರತದ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿಯವರ ನೇತೃತ್ವದಲ್ಲಿ ನಡೆಯಿತು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮಾಮೆನ್ ಚಾಂಡಿ ಮತ್ತು ಸಂಗಡಿಗರು ಕಸಿ ಕಾರ್ಯಕ್ರಮ ಆರಂಭಿಸಿದರು. ಇಡಾ ಸ್ಕಡರ್ ಅವರು 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಸಂಸ್ಥೆ ಇದು. ಮುಂಬಯಿ, ದೆಹಲಿಗಳಂತಹ ಮಹಾನಗರದಲ್ಲಲ್ಲ, ಒಂದು ಜಿಲ್ಲಾ ಕೇಂದ್ರದಲ್ಲಿ ಇಂಥ ಚಿಕಿತ್ಸೆ ಬೇರೂರಿತು ಎಂಬುದು ಗಮನಾರ್ಹ. ಇಲ್ಲಿ ತರಬೇತಿ ಪಡೆದ ವೈದ್ಯರು, ದಾದಿಯರು ದೇಶದ ಇತರ ಕಡೆಗಳಲ್ಲಿ ಘಟಕಗಳನ್ನು ಕಟ್ಟಿದರು. ಡಾ. ಚಾಂಡಿಯವರೇ ಮುಂದೆ ಕೊಲ್ಕತ್ತದ ಟಾಟಾ ಮೆಡಿಕಲ್ ಸೆಂಟರಿನ ನೇತೃತ್ವ ವಹಿಸಿದರು, 2019ರಲ್ಲಿ ಪದ್ಮಶ್ರೀ ಪಡೆದರು. ವೆಲ್ಲೂರು ಸಂಸ್ಥೆಯ ರಕ್ತರೋಗ ವಿಭಾಗ ಈಗ ಅದರ ರಾಣಿಪೇಟೆ ಆವರಣದಲ್ಲಿದೆ. ಹಳೆಯ ನೆನಪಿನಲ್ಲಿ ಊರೊಳಗಿನ ಆಸ್ಪತ್ರೆಗೆ ಹೋಗುವವರು ಇದನ್ನು ಗಮನಿಸಬೇಕು.

ಬೆಂಗಳೂರಿನಲ್ಲಿ ಆದದ್ದು

ಎರಡನೆಯ ಪ್ರಯತ್ನದ ಸ್ವರೂಪ ಬೇರೆ. ಸಂಕಲ್ಪ್ ಇಂಡಿಯಾ ಫೌಂಡೇಶನ್ ಎಂಬುದು ಬೆಂಗಳೂರಿನಲ್ಲಿ ಯುವಜನರು ರಕ್ತದಾನದ ಕೆಲಸಕ್ಕಾಗಿ ಕಟ್ಟಿಕೊಂಡ ಸ್ವಯಂಸೇವಾ ಸಂಸ್ಥೆ. ರಕ್ತಕ್ಕಾಗಿ ಮತ್ತೆ ಮತ್ತೆ ಬರುವ ಥಲಸ್ಸೇಮಿಯಾ ಮಕ್ಕಳ ಆರೈಕೆಗೆ ಅದು ಕೈಹಾಕಿತು. ಅಲ್ಲಿಂದ ಮುಂದಿನ ಹೆಜ್ಜೆ ಕಸಿ.

ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಹೆತ್ತವರು ಕಟ್ಟಿದ ಕ್ಯೂರ್ ಟು ಚಿಲ್ಡ್ರನ್ ಎಂಬ ಸಂಸ್ಥೆ ಡಾ. ಲಾರೆನ್ಸ್ ಫಾಕ್ನರ್ ಅವರ ಮಾರ್ಗದರ್ಶನದಲ್ಲಿ ಪಾಕಿಸ್ತಾನದ ಇಸ್ಲಾಮಾಬಾದ್ ಮತ್ತು ನಮ್ಮ ಜೈಪುರದಲ್ಲಿ ಮಕ್ಕಳ ಕಸಿ ಘಟಕಗಳನ್ನು ಆರಂಭಿಸಲು ನೆರವಾಗಿತ್ತು. ಇವರಿಬ್ಬರೂ ಕೂಡಿ 2015ರಲ್ಲಿ ಬೆಂಗಳೂರಿನ ಪೀಪಲ್ ಟ್ರೀ ಆಸ್ಪತ್ರೆಯಲ್ಲಿ ಮಕ್ಕಳ ಅಸ್ಥಿಮಜ್ಜೆ ಕಸಿ ಘಟಕ ತೆರೆದರು. ಮುಂದೆ ಅಹಮದಾಬಾದಿನ ಸಿಮ್ಸ್ ಆಸ್ಪತ್ರೆಯಲ್ಲೂ, ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲೂ ಇಂಥ ಘಟಕಗಳಾದವು.

ಇಲ್ಲಿನ ವಿಚಾರ ಸರಳ. ಹತ್ತಾರು ವರ್ಷದ ಅನುಭವವಿರುವ ತಜ್ಞರನ್ನು ಪ್ರತಿ ಊರಿಗೂ ಕರೆತರುವುದು ಆಗದ ಮಾತು. ಆದರೆ ಅವರ ಅನುಭವವನ್ನು ತರಬಹುದು. ಪ್ರತಿ ಮಗುವಿನ ಜ್ವರ, ರಕ್ತದ ಎಣಿಕೆ, ಔಷಧ ಎಲ್ಲವನ್ನೂ ಒಂದೇ ಮಾದರಿಯಲ್ಲಿ ಕಂಪ್ಯೂಟರಿನಲ್ಲಿ ದಾಖಲಿಸಿ, ದೂರದಲ್ಲಿರುವ ಅನುಭವಿ ವೈದ್ಯರು ಅಂತರ್ಜಾಲದ ಮೂಲಕ ಸ್ಥಳೀಯ ವೈದ್ಯರೊಂದಿಗೆ ಕುಳಿತು ರೋಗಿಗಳ ಸ್ಥಿತಿ ಚರ್ಚಿಸುವ ಪದ್ಧತಿ ರೂಢಿಗೆ ಬಂತು. ಮಾರ್ಗದರ್ಶಕರು ದೂರದೇಶದಲ್ಲಿದ್ದರೂ ಮಗುವಿನ ಹಾಸಿಗೆಯ ಪಕ್ಕದಲ್ಲಿರುವುದು ನಮ್ಮವರೇ ಆದ ದಾದಿ.

ವೆಚ್ಚ ಇಳಿದದ್ದು ಎಲ್ಲಿ?

ಪಾಶ್ಚಾತ್ಯ ದೇಶಗಳಲ್ಲಿ ಕಸಿಗೆ ಲಕ್ಷಾಂತರ ಡಾಲರ್ ಖರ್ಚಾಗುತ್ತದೆ. ನಮ್ಮಲ್ಲಿ ಒಡಹುಟ್ಟಿದವರೇ ದಾನಿಯಾಗಿ, ಮಗುವಿನ ಸ್ಥಿತಿಯೂ ಚೆನ್ನಾಗಿದ್ದರೆ ಹತ್ತು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಮುಗಿಸಲು ಸಾಧ್ಯವೆಂದು ತೋರಿಸಲಾಗಿದೆ. ಔಷಧ ಅಥವಾ ಶುಚಿತ್ವದಲ್ಲಿ ಕೈಬಿಗಿ ಹಿಡಿದು ಈ ವ್ಯತ್ಯಾಸ ಬಂದದ್ದಲ್ಲ. ಹಲವು ಕಾರಣಗಳು ಸೇರಿವೆ.

ಮೊದಲನೆಯದು, ರೋಗಿಯ ಆಯ್ಕೆ. ಹೊಸ ಘಟಕ ಸುಲಭದ ಮಕ್ಕಳಿಂದ ಆರಂಭಿಸಬೇಕು. ಮಾದರಿ ಪೂರ್ತಿ ಹೊಂದುವ ಒಡಹುಟ್ಟು ಇರುವ, ಕಡಿಮೆ ಅಪಾಯದ ಮಗುವಿಗೆ ತೊಡಕು ಕಡಿಮೆ, ಆಸ್ಪತ್ರೆಯ ದಿನಗಳು ಕಡಿಮೆ, ಹಾಗಾಗಿ ಬಿಲ್ಲೂ ಕಡಿಮೆ. ದಾನಿ ಅರ್ಧ ಮಾತ್ರ ಹೊಂದುವಂಥ ಕಠಿಣ ಕಸಿಗಳನ್ನು ಕೈ ಪಳಗಿದ ಮೇಲೆ ಎತ್ತಿಕೊಳ್ಳಬೇಕು.

ಎರಡನೆಯದು, ತಯಾರಿ. ಯಕೃತ್ತು ಉಬ್ಬಿ, ಕಬ್ಬಿಣ ತುಂಬಿ ಬಂದ ಮಗುವನ್ನು ಕೂಡಲೇ ಕಸಿಗೆ ತೆಗೆದುಕೊಳ್ಳದೆ, ಕೆಲವು ತಿಂಗಳು ಕ್ರಮವಾಗಿ ರಕ್ತ ಹಾಗೂ ಕಬ್ಬಿಣ ತೆಗೆಯುವ ಔಷಧ ಕೊಟ್ಟು ಅಪಾಯದ ಮಟ್ಟವನ್ನು ಇಳಿಸಲಾಗುತ್ತದೆ. ಈ ತಿಂಗಳುಗಳ ಖರ್ಚು ಅಲ್ಪ, ಲಾಭ ಬಹಳ.

ಮೂರನೆಯದು, ಭಾರತದಲ್ಲೇ ತಯಾರಾಗುವ ಜೆನೆರಿಕ್ ಔಷಧಗಳು.

ನಾಲ್ಕನೆಯದು, ಬೇಡದ ಯಂತ್ರಗಳನ್ನು ಬಿಡುವುದು. ಒಡಹುಟ್ಟಿನಿಂದ ತೆಗೆದ ಮಜ್ಜೆಯನ್ನು ಅದೇ ದಿನ ಕೊಟ್ಟರೆ ಶೀತಲೀಕರಣದ ದುಬಾರಿ ವ್ಯವಸ್ಥೆ ಬೇಡ. ಮೈಲೋಮಾ ರೋಗಿಗಳ ಸ್ವಯಂ ಕಸಿಯಲ್ಲೂ ಆಕರ ಕೋಶಗಳನ್ನು ರಕ್ತನಿಧಿಯ 4 ಡಿಗ್ರಿ ಸೆಲ್ಸಿಯಸ್ ಫ್ರಿಜ್ಜಿನಲ್ಲಿ ಒಂದೆರಡು ದಿನ ಇಟ್ಟು ಬಳಸುವ ಕ್ರಮ ಭಾರತದ ಹಲವು ಆಸ್ಪತ್ರೆಗಳಲ್ಲಿದೆ.

ಐದನೆಯದು, ಕುಟುಂಬ. ತಾಯಿಗೆ ತರಬೇತಿ ಕೊಟ್ಟರೆ ಮಗುವಿನ ಬಾಯಿಯ ಶುಚಿ, ಊಟ, ಮಾತ್ರೆಯ ಹೊತ್ತು, ಜ್ವರದ ದಾಖಲೆಗಳಲ್ಲಿ ಅವಳಷ್ಟು ನಿಷ್ಠೆಯಿಂದ ನೋಡಿಕೊಳ್ಳುವವರು ಬೇರೆಯಿಲ್ಲ.

ಘಟಕಕ್ಕೆ ಬೇಕಾದದ್ದು

ಕೆಲವೇ ಹಾಸಿಗೆಗಳ ಸಣ್ಣ ಘಟಕದಿಂದಲೇ ಆರಂಭಿಸಬಹುದು. ಹೆಪಾ ಶೋಧಕದಿಂದ ಶುದ್ಧವಾದ ಗಾಳಿ ಬರುವ ಪ್ರತ್ಯೇಕ ಕೋಣೆಗಳು, ಹಗಲಿರುಳು ಕೆಲಸ ಮಾಡುವ ಪ್ರಯೋಗಾಲಯ, ತೀವ್ರ ನಿಗಾ ಘಟಕದ ಆಸರೆ ಬೇಕು. ರಕ್ತನಿಧಿ ಗಟ್ಟಿಯಾಗಿರಬೇಕು. ಕಸಿಯಾದ ಮಗುವಿಗೆ ಕೊಡುವ ರಕ್ತ ಮತ್ತು ಪ್ಲೇಟ್‌ಲೆಟ್‌ಗಳನ್ನು ವಿಕಿರಣಕ್ಕೆ ಒಡ್ಡಿ, ಅದರಲ್ಲಿನ ಬಿಳಿ ಕಣಗಳು ದಾಳಿ ಮಾಡದಂತೆ ಮಾಡಿ ಕೊಡಬೇಕಾಗುತ್ತದೆ. ಮಧ್ಯರಾತ್ರಿ ಕರೆದರೂ ಬಂದು ಪ್ಲೇಟ್‌ಲೆಟ್ ಕೊಡುವ ದಾನಿಗಳ ಪಟ್ಟಿ ಇರಬೇಕು. ಸಂಕಲ್ಪ್ ಸಂಸ್ಥೆಯ ಬಲ ಇದ್ದದ್ದು ಇಲ್ಲಿಯೇ. ರಕ್ತದಾನದ ಜಾಲ ಮೊದಲು, ಕಸಿ ಆಮೇಲೆ.

ಎಲ್ಲಕ್ಕಿಂತ ಮುಖ್ಯ ದಾದಿಯರು. ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ನಮ್ಮ ಆಸ್ಪತ್ರೆಗಳಲ್ಲಿ ದೊಡ್ಡ ಸಮಸ್ಯೆ. ಅವುಗಳ ವಿರುದ್ಧ ಮೊದಲ ಅಸ್ತ್ರ ತಪ್ಪದೆ ಕೈತೊಳೆಯುವುದು. ಎದೆಯ ನಾಳಕ್ಕೆ ಹಾಕಿದ ಕೊಳವೆಯನ್ನು ಮುಟ್ಟುವ ಪ್ರತಿಸಲವೂ ಒಂದೇ ಶಿಸ್ತು ಪಾಲಿಸುವ ದಾದಿ ಇದ್ದರೆ ಮಗು ಉಳಿಯುತ್ತದೆ. ತರಬೇತಿ ಪಡೆದ ದಾದಿಯರು ವರ್ಷದೊಳಗೆ ವಿದೇಶಕ್ಕೆ ಹೋದರೆ ಘಟಕ ಮತ್ತೆ ಮೊದಲಿನಿಂದ ಶುರುಮಾಡಬೇಕು. ಕರಾವಳಿಯ ಮನೆಮನೆಗೂ ಈ ಮಾತು ತಿಳಿದಿದೆ. ಹೋದವರನ್ನು ದೂರಿ ಫಲವಿಲ್ಲ. ನ್ಯಾಯವಾದ ಸಂಬಳವೂ ಕಸಿ ಕಾರ್ಯಕ್ರಮದ ಆಯವ್ಯಯದ ಭಾಗವೆಂದು ಆಡಳಿತಗಳು ತಿಳಿಯಬೇಕು.

ಕಸಿ ಆರಂಭವಾಗುವುದು ತಾಲೂಕಿನಲ್ಲಿ

ಇಲ್ಲಿಯವರೆಗಿನ ಮಾತೆಲ್ಲ ಹೆದ್ದಾರಿಯ ಎರಡು ತುದಿಗಳದ್ದು. ಈಗ ನಡುವಿನ ನಾಲ್ಕು ತಾಲೂಕುಗಳನ್ನು ನೋಡೋಣ. ಪೆಸಾರೋದ ಮೂರು ಪ್ರಶ್ನೆಗಳನ್ನು ಓದುಗರು ನೆನಪಿಸಿಕೊಳ್ಳಬೇಕು. ಆ ಮೂರರ ಉತ್ತರವೂ ಮಗು ಕಸಿ ಘಟಕಕ್ಕೆ ಬರುವ ಮೊದಲೇ ಬರೆದಾಗಿರುತ್ತದೆ. ಅದನ್ನು ಬರೆಯುವುದು ತಾಲೂಕು ಆಸ್ಪತ್ರೆ, ಅಂಗನವಾಡಿ, ಊರಿನ ಬಸ್ಸು ಮತ್ತು ತಂದೆಯ ದಿನಗೂಲಿ.

ಮುಳಬಾಗಿಲಿನ ಗಡಿಯ ಒಂದು ಹಳ್ಳಿಯಲ್ಲಿ ಆರು ತಿಂಗಳ ಮಗು ಬಿಳಿಚಿಕೊಂಡಿದೆ ಎಂದುಕೊಳ್ಳೋಣ. ರಕ್ತಹೀನತೆ ಎಂದರೆ ಕಬ್ಬಿಣದ ಕೊರತೆ ಎಂದೇ ಸಾಮಾನ್ಯ ತಿಳಿವಳಿಕೆ. ತಿಂಗಳುಗಟ್ಟಲೆ ಕಬ್ಬಿಣದ ಟಾನಿಕ್ ಕೊಡಲಾಗುತ್ತದೆ. ಥಲಸ್ಸೇಮಿಯಾ ಇದ್ದ ಮಗುವಿಗೆ ಅದರಿಂದ ಗುಣವಿಲ್ಲ, ಹಾನಿಯಾಗಬಹುದು. ಹೊಟ್ಟೆ ಉಬ್ಬಿದಾಗ, ಉಸಿರು ಕಟ್ಟಿದಾಗ ಕೋಲಾರಕ್ಕೆ ಓಡುತ್ತಾರೆ. ತುರ್ತಾಗಿ ರಕ್ತ ಹಾಕಲಾಗುತ್ತದೆ. ದಾನಿಯ ರಕ್ತ ಬೆರೆತ ಮೇಲೆ ಮಗುವಿನ ಪರೀಕ್ಷೆಯ ಫಲಿತಾಂಶ ಅಸ್ಪಷ್ಟವಾಗುತ್ತದೆ. ಆದ್ದರಿಂದ ಮೊದಲ ಸಲ ರಕ್ತ ಹಾಕುವ ಮುಂಚೆಯೇ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದಿಡಬೇಕು. ಈ ಚಿಕ್ಕ ಎಚ್ಚರ ಒಂದು ಮಗುವಿನ ಹಲವು ತಿಂಗಳುಗಳನ್ನು ಉಳಿಸಬಲ್ಲದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ತೀವ್ರ ರಕ್ತಹೀನತೆಯೂ ಅವರ ಪಟ್ಟಿಯಲ್ಲಿದೆ. ಟಾನಿಕ್ಕಿಗೆ ಜಗ್ಗದ ರಕ್ತಹೀನತೆ ಕಂಡರೆ ಮುಂದಿನ ಪರೀಕ್ಷೆಗೆ ಕಳುಹಿಸುವ ಅಭ್ಯಾಸ ಬೆಳೆದರೆ ಹೊಸ ಯೋಜನೆಯೇ ಬೇಡ.

ನಂತರದ್ದು ಕ್ರಮ ತಪ್ಪದ ರಕ್ತ. ಮಗುವಿನ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿಳಿಯುವ ಮೊದಲೇ ರಕ್ತ ಕೊಡಬೇಕೆಂಬುದು ನಿಯಮ. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿನೇಳು ಸಲ. ಪ್ರತಿಸಲವೂ ಶ್ರೀನಿವಾಸಪುರದಿಂದ ಬೆಂಗಳೂರಿಗೆ ಹೋಗಿಬರುವುದೆಂದರೆ ತಂದೆ ತಾಯಿ ಇಬ್ಬರ ಕೂಲಿಯೂ ಹೋಯಿತು. ಮೊದಲು ಮೂರು ವಾರ ಐದಾಗುತ್ತದೆ, ಐದು ಎಂಟಾಗುತ್ತದೆ. ಮಗುವಿನ ಗುಲ್ಮ, ಯಕೃತ್ತು ಉಬ್ಬುತ್ತವೆ. ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಕೋಲಾರ ಪೇಟೆಯಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇವೆ. ಕಸಿ ಅಲ್ಲಿ ನಡೆಯಬೇಕೆಂದಿಲ್ಲ. ನಿಗದಿತ ದಿನ ರಕ್ತ, ಕೈಗೆ ಕಬ್ಬಿಣ ತೆಗೆಯುವ ಮಾತ್ರೆ, ಮೂರು ತಿಂಗಳಿಗೊಮ್ಮೆ ಫೆರಿಟಿನ್ ಪರೀಕ್ಷೆ, ಇಷ್ಟು ಮನೆಯ ಹತ್ತಿರ ಸಿಕ್ಕಿದರೆ ಮಗು ಒಳ್ಳೆಯ ಸ್ಥಿತಿಯಲ್ಲಿ ಕಸಿಗೆ ಹೋಗುತ್ತದೆ. ಬೆಂಗಳೂರಿನ ಹತ್ತು ಲಕ್ಷದ ಬಿಲ್ಲು ಹದಿನೈದೋ ಇಪ್ಪತ್ತೋ ಆಗುವುದನ್ನು ತಡೆಯುವ ಕೆಲಸ ಕೋಲಾರದ ಹಗಲು ಆರೈಕೆಯ ಹಾಸಿಗೆಯಲ್ಲಿ ನಡೆಯುತ್ತದೆ.

ದಾನಿಯ ಹುಡುಕಾಟ

ದಾನಿ ಮತ್ತು ರೋಗಿಯ ಅಂಗಾಂಶ ಮಾದರಿ ಹೊಂದಬೇಕು. ಇದನ್ನು ಎಚ್‌ಎಲ್‌ಎ ಪರೀಕ್ಷೆ ತಿಳಿಸುತ್ತದೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರಸಿ ತೆಗೆದ ಮಾದರಿಯೇ ಸಾಕು. ರಕ್ತದ ಗುಂಪು ಬೇರೆಯಾಗಿದ್ದರೂ ಕಸಿಗೆ ಅಡ್ಡಿಯಿಲ್ಲ. ಒಬ್ಬ ಒಡಹುಟ್ಟಿನ ಮಾದರಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಡಹುಟ್ಟು ಥಲಸ್ಸೇಮಿಯಾ ವಾಹಕನಾಗಿದ್ದರೂ ದಾನಿಯಾಗಬಹುದು.

ಕೋಲಾರ ಸೀಮೆಯಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಸಂಬಂಧಗಳು ಹಿಂದಿನಿಂದ ಇವೆ. ಇಂಥ ಮದುವೆಗಳಲ್ಲಿ ವಂಶಪಾರಂಪರ್ಯ ರೋಗಗಳ ಅಪಾಯ ಹೆಚ್ಚು. ಆದರೆ ಅದೇ ಕಾರಣದಿಂದ ತಾಯಿ, ತಂದೆ ಅಥವಾ ಹತ್ತಿರದ ನೆಂಟರಲ್ಲೇ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆಯೂ ಇತರ ಕುಟುಂಬಗಳಿಗಿಂತ ಹೆಚ್ಚು. ಆದ್ದರಿಂದ ಅಂಥ ಮನೆಗಳಲ್ಲಿ ಅಣ್ಣ ತಂಗಿಯರಿಗೆ ನಿಲ್ಲಿಸದೆ ವಿಸ್ತರಿಸಿ ಪರೀಕ್ಷಿಸುವುದು ಒಳ್ಳೆಯದು.

ಇನ್ನೊಂದು ಎಚ್ಚರ. ಪ್ರೀತಿಯಿಂದ ತಂದೆ, ಅಣ್ಣಂದಿರೇ ಮಗುವಿಗೆ ರಕ್ತ ಕೊಡಲು ಮುಂದೆ ಬರುತ್ತಾರೆ. ಕಸಿ ಆಗಬಹುದಾದ ಮಗುವಿಗೆ ಹತ್ತಿರದ ರಕ್ತಸಂಬಂಧಿಗಳ ರಕ್ತ ಹಾಕಬಾರದು. ಮುಂದೆ ದಾನಿಯ ಮಜ್ಜೆಯನ್ನು ದೇಹ ತಿರಸ್ಕರಿಸುವ ಅಪಾಯ ಹೆಚ್ಚುತ್ತದೆ. ಅವರು ರಕ್ತನಿಧಿಗೆ ಕೊಡಲಿ, ಅದು ಬೇರೆ ಮಗುವಿಗೆ ಹೋಗಲಿ.

ಮನೆಯಲ್ಲಿ ದಾನಿ ಸಿಗದವರಿಗೆ ಸ್ವಯಂಪ್ರೇರಿತ ದಾನಿಗಳ ನೋಂದಣಿ ಸಂಸ್ಥೆಗಳಿವೆ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಅಂಥವು. ಜಗತ್ತಿನಾದ್ಯಂತ ನಾಲ್ಕು ಕೋಟಿಗೂ ಹೆಚ್ಚು ದಾನಿಗಳು ಹೆಸರು ನೋಂದಾಯಿಸಿದ್ದಾರೆ. ಭಾರತೀಯರ ಸಂಖ್ಯೆ ನಮ್ಮ ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆ. ಮಾದರಿ ಹೊಂದುವುದು ಹೆಚ್ಚಾಗಿ ತಮ್ಮದೇ ಜನಸಮುದಾಯದಲ್ಲಾದ್ದರಿಂದ ನಮ್ಮವರು ಸೇರದೆ ನಮ್ಮ ಮಕ್ಕಳಿಗೆ ದಾನಿ ಸಿಗುವುದು ಕಷ್ಟ.

ಬಿಲ್ಲಿನಲ್ಲಿ ಕಾಣದ ಖರ್ಚು

ಆಸ್ಪತ್ರೆಯಿಂದ ಬಿಡುಗಡೆಯಾದ ಕೂಡಲೇ ಊರಿಗೆ ಹೋಗುವಂತಿಲ್ಲ. ಕಸಿಯಾಗಿ ಸುಮಾರು ನೂರು ದಿನ ಘಟಕದ ಹತ್ತಿರವೇ ಇರಬೇಕು. ಒಂದು ಕೋಣೆ ಬಾಡಿಗೆಗೆ ಬೇಕು. ತಾಯಿ ಅಲ್ಲಿದ್ದರೆ ಊರಿನಲ್ಲಿ ಹಸು ಕರೆಯುವವರಿಲ್ಲ, ಡೇರಿಗೆ ಹಾಲು ಹೋಗುವುದಿಲ್ಲ. ತಂದೆ ಟೊಮೆಟೊ ಬೆಳೆಗೆ ಮಾಡಿದ ಸಾಲದ ಮೇಲೆ ಇನ್ನೊಂದು ಸಾಲ ಬೀಳುತ್ತದೆ. ದಾನಿಯಾದ ಅಕ್ಕನ ಶಾಲೆ ತಪ್ಪುತ್ತದೆ. ಚಿಕಿತ್ಸೆಯ ಹಣ ಯಾವುದೋ ಯೋಜನೆಯಿಂದ ಬಂದರೂ ಈ ಖರ್ಚಿಗೆ ಹೆದರಿ ಹಿಂತಿರುಗಿದವರಿದ್ದಾರೆ.

ಊರಿಗೆ ಮರಳಿದ ಮೇಲೂ ಎಚ್ಚರ ಬೇಕು. ಆರು ತಿಂಗಳಿಂದ ಒಂದು ವರ್ಷ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಮಾತ್ರೆ ನಡೆಯುತ್ತದೆ. ಹಸಿ ಹಾಲು ಕೂಡದು, ನೀರು ಕುದಿಸಿರಬೇಕು. ಕೋಲಾರದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಜನರು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುತ್ತಾರೆ. ತಂದಿಟ್ಟ ನೀರನ್ನೂ ಈ ಮಗುವಿಗೆ ಕುದಿಸಿಯೇ ಕೊಡಬೇಕು. ಮಾಲೂರಿನ ಇಟ್ಟಿಗೆ ಗೂಡುಗಳ ಧೂಳು, ಹುಲ್ಲಿನ ಬಣವೆ, ಕೊಟ್ಟಿಗೆಗಳಿಂದ ದೂರವಿಡಬೇಕು, ಏಕೆಂದರೆ ಅವುಗಳಲ್ಲಿನ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯಬಲ್ಲದು. ಹಳೆಯ ಲಸಿ಼ಕೆಗಳ ಬಲ ಕಳೆದುಹೋಗಿರುವುದರಿಂದ ಎಲ್ಲ ಲಸಿಕೆಗಳನ್ನೂ ವೈದ್ಯರು ಹೇಳಿದ ಕಾಲದಲ್ಲಿ ಮತ್ತೆ ಹಾಕಿಸಬೇಕು. ಜ್ವರ ಬಂದರೆ ಮರುದಿನಕ್ಕೆ ಕಾಯುವಂತಿಲ್ಲ. ಈ ಮಾತುಗಳನ್ನು ಗಡಿಯ ಹಳ್ಳಿಗಳಲ್ಲಿ ಕನ್ನಡದೊಂದಿಗೆ ತೆಲುಗಿನಲ್ಲೂ ಹೇಳಬಲ್ಲ ಒಬ್ಬ ಆಶಾ ಕಾರ್ಯಕರ್ತೆ ಇದ್ದರೆ ಅವರೂ ಕಸಿ ತಂಡದ ಸದಸ್ಯೆಯೇ.

ನೆರವು ಎಲ್ಲಿಂದ?

ಕೋಲ್ ಇಂಡಿಯಾ ಸಂಸ್ಥೆಯ ಸಾಮಾಜಿಕ ಹೊಣೆಗಾರಿಕೆಯ ಹಣದಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಒಂದು ಕಸಿಗೆ 10 ಲಕ್ಷ ರೂಪಾಯಿಯವರೆಗೆ ನೆರವು ನೀಡುತ್ತದೆ. ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ. ವಯಸ್ಸು, ಕುಟುಂಬದ ಆದಾಯ, ದಾನಿಯ ಹೊಂದಾಣಿಕೆಯ ಷರತ್ತುಗಳಿವೆ. ವೆಲ್ಲೂರಿನ ಸಿಎಂಸಿ ಈ ಯೋಜನೆಯ ಆಸ್ಪತ್ರೆಗಳಲ್ಲೊಂದು. ಅಪ್ಲಾಸ್ಟಿಕ್ ಅನೀಮಿಯಾವನ್ನೂ ನಂತರ ಸೇರಿಸಲಾಯಿತು. ಪ್ರಧಾನ ಮಂತ್ರಿ ಹಾಗೂ ಮುಖ್ಯಮಂತ್ರಿಗಳ ಪರಿಹಾರ ನಿಧಿಗಳಿಗೂ ಅರ್ಜಿ ಸಲ್ಲಿಸಬಹುದು. ಸರ್ಕಾರಿ ವಲಯದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕಸಿ ಘಟಕವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗಗಳನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ, ಆದ್ದರಿಂದ ಪ್ರಮಾಣಪತ್ರ ಪಡೆಯಲು ಈ ಮಕ್ಕಳಿಗೆ ಹಕ್ಕಿದೆ. ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಆಧಾರ್, ರೋಗದ ದಾಖಲೆಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡ ಕುಟುಂಬಕ್ಕೆ ಓಡಾಟ ಅರ್ಧ ಕಡಿಮೆಯಾಗುತ್ತದೆ.

ಸುಲಭವಲ್ಲದ ಪ್ರಶ್ನೆಗಳು

ಒಂದು ಮಗುವಿಗೆ ಹತ್ತು ಲಕ್ಷ ಖರ್ಚು ಮಾಡುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ರಕ್ತ ಮತ್ತು ಔಷಧ ಜೀವನಪೂರ್ತಿ ಸರಿಯಾಗಿ ಕೊಟ್ಟರೆ ಅದರ ಮೊತ್ತ ಕಸಿಯ ವೆಚ್ಚವನ್ನು ಕೆಲವು ವರ್ಷಗಳಲ್ಲೇ ಮುಟ್ಟಬಲ್ಲದು. ಅದನ್ನು ಕೊಡದಿದ್ದರೆ ಮಾತ್ರ ಕಸಿ ದುಬಾರಿಯಾಗಿ ಕಾಣುತ್ತದೆ. ಹಾಗೆಂದು ಕಸಿ ಘಟಕದ ಫಲಕ ಹಾಕಿ, ರಕ್ತ ಮತ್ತು ಮಾತ್ರೆಗಳ ವ್ಯವಸ್ಥೆಯನ್ನು ಕೈಬಿಟ್ಟರೆ ದಾನಿ ಸಿಗದ ಮಕ್ಕಳಿಗೆ ಅದು ದೊಡ್ಡ ಅನ್ಯಾಯ. ದಾನಿ ಸಿಗದವರೇ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಅತ್ಯುತ್ತಮ ಸ್ಥಿತಿಯಲ್ಲಿ ಮಾಡಿದ ಕಸಿಯಲ್ಲೂ ಕೆಲವು ಮಕ್ಕಳು ಸಾಯುತ್ತಾರೆ. ರಕ್ತ ಹಾಕಿಸಿಕೊಂಡು ಇನ್ನೂ ಹಲವು ವರ್ಷ ಬದುಕಬಹುದಾಗಿದ್ದ ಮಗು ಅದು. ತೀವ್ರ ಔಷಧಗಳಿಂದ ಮುಂದೆ ಸಂತಾನ ಭಾಗ್ಯ ತಪ್ಪುವ ಸಾಧ್ಯತೆಯೂ ಇದೆ. ಇದನ್ನೆಲ್ಲ ಹೆತ್ತವರಿಗೆ ಅವರ ಭಾಷೆಯಲ್ಲಿ, ಅವಸರವಿಲ್ಲದೆ ಹೇಳಿ ಒಪ್ಪಿಗೆ ಪಡೆಯಬೇಕು. "ನೀವು ಹೇಳಿದಂಗೆ ಮಾಡಿ ಸ್ವಾಮಿ" ಎಂದು ಕೈಮುಗಿಯುವ ತಂದೆಯ ಮಾತನ್ನು ಒಪ್ಪಿಗೆ ಎಂದು ತಿಳಿಯುವುದು ಸರಿಯಲ್ಲ. ದಾನಿಯಾಗುವ ಐದು ವರ್ಷದ ತಂಗಿಗೂ ಅವಳಿಗೆ ತಿಳಿಯುವಂತೆ ಹೇಳಬೇಕು. ಕಸಿ ಸೋತರೆ ಅದು ಅವಳ ತಪ್ಪಲ್ಲ ಎಂಬುದನ್ನಂತೂ ಹೇಳಲೇಬೇಕು.

ಬರದಂತೆ ತಡೆಯುವುದು

ವಾಹಕರನ್ನು ಗುರುತಿಸಲು ಸರಳ ರಕ್ತ ಪರೀಕ್ಷೆ ಸಾಕು. ಸೈಪ್ರಸ್ ದ್ವೀಪದಲ್ಲಿ ಥಲಸ್ಸೇಮಿಯಾ ವಿಪರೀತವಾಗಿತ್ತು. ಅಲ್ಲಿನ ಆರ್ಥೊಡಾಕ್ಸ್ ಧರ್ಮಸಭೆ 1980ರ ದಶಕದಲ್ಲಿ ಮದುವೆಗೆ ಮುಂಚೆ ಈ ಪರೀಕ್ಷೆಯ ಪ್ರಮಾಣಪತ್ರ ತರಬೇಕೆಂದು ನಿಯಮ ಮಾಡಿತು. ಫಲಿತಾಂಶ ಏನೇ ಇದ್ದರೂ ಮದುವೆಯ ನಿರ್ಧಾರ ವಧೂವರರದೇ, ಆದರೆ ತಿಳಿಯದೆ ಯಾರೂ ಮದುವೆಯಾಗಬಾರದು ಎಂಬುದು ಅದರ ಉದ್ದೇಶ. ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುವ ವಿವಾಹ ಸಿದ್ಧತಾ ಶಿಬಿರಗಳಲ್ಲೂ, ಕೋಲಾರ ಸೀಮೆಯ ಸಾಮೂಹಿಕ ವಿವಾಹಗಳ ವೇದಿಕೆಗಳಲ್ಲೂ ಈ ಪರೀಕ್ಷೆಯ ಬಗ್ಗೆ ಹತ್ತು ನಿಮಿಷ ಮಾತನಾಡಲು ಯಾವ ಅಡ್ಡಿಯೂ ಇಲ್ಲ.

ಕೊನೆಯ ಮಾತು

ವೆಲ್ಲೂರು ಮತ್ತು ಬೆಂಗಳೂರಿನ ಅನುಭವ ಒಂದು ಸಂಗತಿಯನ್ನು ಸ್ಪಷ್ಟಪಡಿಸಿದೆ. ಬಡ ದೇಶದಲ್ಲಿ ಕಸಿ ಆಗದ ಕೆಲಸವಲ್ಲ. ಕಲಿಯಬಹುದು, ಕಲಿಸಬಹುದು, ವೆಚ್ಚ ಇಳಿಸಬಹುದು. ಉಳಿದಿರುವ ಕೆಲಸ ಹೆಚ್ಚಾಗಿ ಆ ಎರಡು ಊರುಗಳಲ್ಲಿ ಇಲ್ಲ. ಟಾನಿಕ್ಕಿಗೆ ಜಗ್ಗದ ರಕ್ತಹೀನತೆಯನ್ನು ಗುರುತಿಸುವ ಅಂಗನವಾಡಿಯಲ್ಲಿ, ಮೂರು ವಾರ ನಾಲ್ಕಾಗದಂತೆ ನೋಡಿಕೊಳ್ಳುವ ಜಿಲ್ಲಾಸ್ಪತ್ರೆಯಲ್ಲಿ, ನೂರು ದಿನ ತಂಗಲು ಒಂದು ಕೋಣೆ ಕೊಡಬಲ್ಲ ನಗರದ ಮನೆಯಲ್ಲಿ ಅದು ಇದೆ.

ಪ್ರಿಯ ಓದುಗರೇ, ನಿಮ್ಮಲ್ಲಿ 18ರಿಂದ 65 ವಯಸ್ಸಿನೊಳಗಿನ ಆರೋಗ್ಯವಂತರು ರಕ್ತದಾನ ಮಾಡಬಹುದು. ಯುವಜನರು ಆಕರ ಕೋಶ ದಾನಿಗಳಾಗಿ ಹೆಸರು ಬರೆಸಬಹುದು. ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕರಾವಳಿಯವರು ಆಸ್ಪತ್ರೆಯ ಹತ್ತಿರ ಒಂದು ಕೋಣೆಯ ಬಾಡಿಗೆಯನ್ನು ಹಂಚಿಕೊಳ್ಳಬಹುದು. ಬಂಟ್ವಾಳದಲ್ಲಿ ಹೊರಟ ಹೆದ್ದಾರಿಯಲ್ಲಿ ಮುಳಬಾಗಿಲಿನ ಆ ಮಗುವೂ ಇದೆ ಎಂಬುದನ್ನು ನೆನಪಿಟ್ಟುಕೊಂಡರೆ ಅದು ನಮಗೆ ದೂರದ ಊರಲ್ಲ.